ಶಾಪವು ವರವಾಯಿತೆಂಬ ಮಾತು

ಬಿ. ಎಸ್. ಚಂದ್ರಶೇಖರರ ಹೆಸರನ್ನೆತ್ತಿದೊಡನೆ ನಮ್ಮವರು ಹೇಳುವ ಕಥೆಯು ಬಹುಮಟ್ಟಿಗೆ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಚಿಕ್ಕಂದಿನಲ್ಲಿ ಪೋಲಿಯೋ ತಗುಲಿ ಅವರ ಬಲಗೈ ಬತ್ತಿತು. ಬತ್ತಿದ ಆ ಕೈಯೇ ಮುಂದೆ ಜಗತ್ತಿನ ದಾಂಡಿಗರನ್ನೆಲ್ಲ ಕಾಡಿತು. ಹೀಗೆ ಶಾಪವು ವರವಾಯಿತು ಎಂಬುದೇ ಆ ವಾಕ್ಯ. ಶಾಲೆಗಳ ವಾರ್ಷಿಕೋತ್ಸವದ ಭಾಷಣಗಳಲ್ಲಿಯೂ ಪತ್ರಿಕೆಗಳ ಪುರವಣಿಗಳಲ್ಲಿಯೂ ಇದು ಎಷ್ಟು ಸಲ ಕೈಮಾರಿದೆಯೆಂದರೆ, ಸವೆದ ನಾಣ್ಯದ ಮೇಲೆ ಮುದ್ರೆಯನ್ನು ಹುಡುಕುವವರಿಲ್ಲದಂತೆ ಇದರ ಸತ್ಯಾಸತ್ಯಗಳನ್ನು ಕೇಳುವವರೂ ಇಲ್ಲ. ಕೇಳಬೇಕಾದ ಕಾಲವು ಬಂದಿದೆಯೆಂದು ನನಗೆ ತೋರುತ್ತದೆ.

ಚೆಂಡಾಟದ ಮಾತಿಗೆ ಸಾಹಿತ್ಯ ಸಂಘದ ಮಾಸಪತ್ರಿಕೆಯಲ್ಲಿ ಎಡೆಯುಂಟೇ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಆಟಕ್ಕೆ ಎಡೆಯಿಲ್ಲವೆಂದರೂ ಆಟಗಾರನ ಚರಿತ್ರೆಗೆ ಅವಶ್ಯವಾಗಿ ಉಂಟು. ಜೀವನಚರಿತ್ರೆಯು ಸಾಹಿತ್ಯದ ಒಂದು ಪ್ರಕಾರ. ಅದರಲ್ಲಿ ಕಾರ್ಯಕ್ಕೂ ಕಾರಣಕ್ಕೂ ಇರತಕ್ಕ ಹೊಂದಿಕೆ ತಪ್ಪಿತೆಂದರೆ ಬರೆದವನ ಭಾಷೆ ಎಷ್ಟು ಸೊಗಸಾಗಿದ್ದರೂ ಬರೆಹವು ಕೆಟ್ಟಿತೆಂದೇ ಹೇಳಬೇಕು. ಅಲ್ಲದೆ ಈ ಕಥೆಯನ್ನು ಕೇಳುವವರು ಬಹುಪಾಲು ಮಕ್ಕಳು. ಅವರಲ್ಲಿ ಕೈಕಾಲು ಸರಿಯಿಲ್ಲದ ಮಕ್ಕಳೂ ಇರುತ್ತಾರೆ. ಆ ಮಗುವು ಈ ವಾಕ್ಯವನ್ನು ಕೇಳಿ ಏನೆಂದುಕೊಳ್ಳಬೇಕು?

ಮೊದಲು ಸಂಗತಿಗಳನ್ನು ನೋಡೋಣ. ಭಾಗವತ್ ಸುಬ್ರಹ್ಮಣ್ಯ ಚಂದ್ರಶೇಖರರು ೧೯೪೫ನೆಯ ಇಸವಿ ಮೇ ೧೭ರಂದು ಮೈಸೂರಿನಲ್ಲಿ ಜನಿಸಿದರು. ಪೋಲಿಯೋ ಬಂದಾಗ ಅವರಿಗೆ ಐದಾರು ವರ್ಷ. ಅಮೆರಿಕದ ಸಾಲ್ಕ್ ಎಂಬ ವೈದ್ಯವಿಜ್ಞಾನಿಯ ಲಸಿಕೆಯು ಜಗತ್ತಿಗೆ ದೊರೆತುದು ೧೯೫೫ರಲ್ಲಿ. ಆ ವೇಳೆಗೆ ಈ ಬಾಲಕನಿಗೆ ಹತ್ತು ತುಂಬಿ, ಆಗಬಾರದುದು ಆಗಿಹೋಗಿತ್ತು. ಈ ರೋಗದ ವಿಷಾಣುವು ಬೆನ್ನುಹುರಿಯೊಳಗೆ ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಕೊಲ್ಲುತ್ತದೆ. ಸತ್ತ ಕೋಶವು ಮರಳಿ ಹುಟ್ಟುವುದಿಲ್ಲ. ಅಪ್ಪಣೆ ಬಾರದ ಸ್ನಾಯುವು ಕ್ರಮೇಣ ಸೊರಗುತ್ತದೆ. ಬದುಕಿ ಉಳಿದ ಕೆಲವು ಕೋಶಗಳು ಹೊಸ ಕವಲುಗಳನ್ನು ಚಾಚಿ, ದಿಕ್ಕಿಲ್ಲದ ಸ್ನಾಯುತಂತುಗಳಲ್ಲಿ ಕೆಲವನ್ನು ತಮ್ಮ ಆಳ್ವಿಕೆಗೆ ತೆಗೆದುಕೊಳ್ಳುವುದುಂಟು. ಅಷ್ಟರಮಟ್ಟಿಗೆ ಕೈಗೆ ಬಲ ಮರಳುತ್ತದೆ. ಇದಿಷ್ಟೇ ರೋಗದ ವ್ಯಾಪಾರ. ಇದರಲ್ಲಿ ಶಾಪವೂ ಇಲ್ಲ, ಗೂಗ್ಲಿಯೂ ಇಲ್ಲ.

ಭಾರತದಲ್ಲಿ ಪೋಲಿಯೋದ ಕೊನೆಯ ಪ್ರಕರಣವು ೨೦೧೧ರ ಜನವರಿಯಲ್ಲಿ ಬಂಗಾಳದ ಹಾವ್‌ಡಾ ಜಿಲ್ಲೆಯಲ್ಲಿ ಕಂಡಿತು. ೨೦೧೪ರ ಮಾರ್ಚಿ ೨೭ರಂದು ನಮ್ಮ ದೇಶವು ಈ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ಅದಕ್ಕೆ ಮುಂಚಿನ ದಶಕಗಳಲ್ಲಿ ಈ ರೋಗವು ಮುಟ್ಟದ ಊರು ಇದ್ದಿರಲಾರದು. ಹೊಸಕೋಟೆಯ ಸಂತೆಯಲ್ಲಿ, ನೆಲಮಂಗಲದ ಬಸ್ಸಿನ ನಿಲ್ದಾಣದಲ್ಲಿ, ಒಂದು ಕೈಯನ್ನೋ ಒಂದು ಕಾಲನ್ನೋ ಈ ರೋಗಕ್ಕೆ ಒಪ್ಪಿಸಿ ಬಾಳು ಸಾಗಿಸಿದ ನಡುವಯಸ್ಸಿನವರನ್ನು ನಾವೆಲ್ಲರೂ ಕಂಡಿದ್ದೇವೆ. ಬತ್ತಿದ ಕೈಯೇ ವರವಾಗುವುದಾದರೆ ನಮ್ಮ ಪ್ರತಿಯೊಂದು ಹೋಬಳಿಯಲ್ಲಿಯೂ ಒಬ್ಬ ಚಂದ್ರಶೇಖರರು ಹುಟ್ಟಬೇಕಾಗಿತ್ತು. ಹುಟ್ಟಿದವರು ಒಬ್ಬರೇ. ಸಾವಿರಾರು ಕಡೆ ಇದ್ದು ಒಂದೇ ಕಡೆ ಫಲಕೊಟ್ಟ ಸಂಗತಿಯನ್ನು ಆ ಫಲದ ಕಾರಣವೆಂದು ಯಾವ ತರ್ಕಶಾಸ್ತ್ರವೂ ಒಪ್ಪದು. ಇನ್ನೊಂದು ಮಾತು. ಟೆಸ್ಟ್ ಪಂದ್ಯಗಳಲ್ಲಿ ಅವರು ಪಡೆದ ವಿಕೆಟ್ಟುಗಳು ೨೪೨. ಬ್ಯಾಟು ಹಿಡಿದು ಗಳಿಸಿದ ಓಟಗಳು ೧೬೭. ಅದೇ ದೇಹ, ಅದೇ ಕೈ. ಬ್ಯಾಟು ಹಿಡಿದ ಗಳಿಗೆಯಲ್ಲಿ ಆ ವರವು ಎಲ್ಲಿ ಅಡಗಿತ್ತು?

ಹಾಗಾದರೆ ನಿಜವಾದ ಪೂರ್ವಕಥೆಯಾವುದು? ಸಂಸಾರವು ಬೆಂಗಳೂರಿಗೆ ಬಂದ ಮೇಲೆ ಬಾಲಕನು ಬೀದಿಯಲ್ಲಿ ರಬ್ಬರು ಚೆಂಡಿನಿಂದ ಆಡಿದನು. ಕಥೆ ಹೇಳುವವರು ಇದನ್ನು ಬಣ್ಣಕ್ಕಾಗಿ ಒಂದು ಮಾತಿನಲ್ಲಿ ಹೇಳಿ ದಾಟುತ್ತಾರೆ. ನನಗಾದರೋ ಇಡೀ ಕಥೆಯಲ್ಲಿ ಇದಕ್ಕಿಂತ ಮುಖ್ಯವಾದ ಸಂಗತಿಯಿಲ್ಲವೆಂದು ತೋರುತ್ತದೆ. ಕ್ರಿಕೆಟಿನ ತೊಗಲಿನ ಚೆಂಡು ಸುಮಾರು ೧೬೦ ಗ್ರಾಂ ತೂಗುತ್ತದೆ. ಬೀದಿಯ ರಬ್ಬರು ಚೆಂಡು ಅದಕ್ಕಿಂತ ಬಹಳ ಹಗುರ, ಬೆರಳುಗಳಿಗೆ ಅಂಟಿಕೊಳ್ಳುತ್ತದೆ, ನೆಲಕ್ಕೆ ಬಡಿದರೆ ಎತ್ತರಕ್ಕೆ ನೆಗೆಯುತ್ತದೆ. ಹೆಗಲಿನಲ್ಲಿ ಬಲವಿಲ್ಲದ ಹುಡುಗನಿಗೆ ಅದು ಸಲ್ಲುವ ಚೆಂಡು. ತೋಳು ಮಾಡಲಾರದ ಕೆಲಸವನ್ನು ಮಣಿಕಟ್ಟಿಗೆ ಕಲಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಉಪಾಧ್ಯಾಯನು ದೊರೆಯುವುದು ಕಷ್ಟ. ದೊಡ್ಡಬಳ್ಳಾಪುರದಲ್ಲಿ ಕೈಮಗ್ಗದ ಕಾಲವನ್ನು ಬಲ್ಲ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಲಾಳಿಯ ಹಗ್ಗವನ್ನು ಎಳೆಯುವಾಗ ತೋಳಿನ ಬಲವನ್ನು ಹಾಕಿದವನು ಸಂಜೆಯ ಹೊತ್ತಿಗೆ ಬಳಲುತ್ತಾನೆ. ಮಣಿಕಟ್ಟಿನ ತಟ್ಟನ್ನು ಅರಿತವನ ಲಾಳಿಯು ದಿನವಿಡೀ ತಾನಾಗಿ ಓಡಿದಂತೆ ಓಡುತ್ತದೆ. ಆ ತಟ್ಟು ಯಾರಿಗೂ ಹುಟ್ಟಿನಿಂದ ಬಂದುದಲ್ಲ.

ಅನಂತರ ಅವರು ಬೆಂಗಳೂರಿನ ಸಿಟಿ ಕ್ರಿಕೆಟರ್ಸ್ ಎಂಬ ಕ್ಲಬ್ಬನ್ನು ಸೇರಿದರು. ಸೇರಿದುದರ ಮುಖ್ಯ ಆಕರ್ಷಣೆ ತೊಗಲಿನ ಚೆಂಡಿನಲ್ಲಿ ಆಡುವ ಅವಕಾಶ. ಅಲ್ಲಿ ಅವರು ಒಂದೇ ಬಗೆಗೆ ಕಟ್ಟುಬೀಳದೆ ನಾನಾ ಬಗೆಯ ಬೌಲಿಂಗನ್ನು ಪ್ರಯತ್ನಿಸಿದರು. ವೇಗದ ಬೌಲಿಂಗನ್ನು ಸಹ. ಲೆಗ್‌ಸ್ಪಿನ್ನೇ ತಮ್ಮ ದಾರಿಯೆಂದು ನಿಶ್ಚಯಿಸಿದುದು ೧೯೬೩ರಲ್ಲಿ. ಈ ಕ್ರಮವನ್ನು ವಾಚಕರು ಗಮನಿಸಬೇಕು. ಕೈ ಬತ್ತಿದುದು ೧೯೫೦ರ ಆಸುಪಾಸಿನಲ್ಲಿ; ದಾರಿಯನ್ನು ಆರಿಸಿದುದು ೧೯೬೩ರಲ್ಲಿ. ನಡುವೆ ಹನ್ನೆರಡು ಹದಿಮೂರು ವರ್ಷಗಳ ಹುಡುಕಾಟವಿದೆ, ಕೈಬಿಟ್ಟ ದಾರಿಗಳಿವೆ. ಕೈಯೇ ಎಲ್ಲವನ್ನೂ ನಿರ್ಣಯಿಸಿತೆಂದರೆ ಈ ಹುಡುಕಾಟಕ್ಕೆ ಅರ್ಥವೇ ಇಲ್ಲ. ವೇಗದ ಬೌಲಿಂಗಿನಲ್ಲಿ ಕಳೆದ ಕಾಲವು ವ್ಯರ್ಥವಾಯಿತೆಂದೂ ಹೇಳಲಾಗದು, ಏಕೆಂದರೆ ಅವರ ಲೆಗ್‌ಸ್ಪಿನ್ನು ಕೊನೆಯವರೆಗೂ ಸಾಮಾನ್ಯ ಲೆಗ್‌ಸ್ಪಿನ್ನಿಗಿಂತ ಬಹಳ ವೇಗವಾಗಿದ್ದಿತು. ಮಧ್ಯಮವೇಗದ ಬೌಲರಿನ ಚೆಂಡಿನಂತೆ ಬಂದು ಗೂಗ್ಲಿಯಾಗಿ ತಿರುಗುವುದು ಅವರ ವೈಶಿಷ್ಟ್ಯ. ಬಲಗೈಯಿಂದ ಬೌಲ್ ಮಾಡುತ್ತಿದ್ದ ಅವರು ಚೆಂಡನ್ನು ದೂರಕ್ಕೆ ಎಸೆಯಬೇಕಾದಾಗ ಎಡಗೈಯನ್ನು ಬಳಸುತ್ತಿದ್ದರೆಂಬುದನ್ನೂ ಇಲ್ಲಿ ನೆನೆಯಬೇಕು. ಅಂದರೆ ಎಲ್ಲ ಹುಡುಗರೂ ಒಂದು ಕೈಯಿಂದ ಮಾಡುವ ಎರಡು ಕೆಲಸಗಳನ್ನು ಈ ಹುಡುಗನು ಎರಡು ಕೈಗಳಿಗೆ ಹಂಚಿ, ಎರಡನ್ನೂ ಬೇರೆಬೇರೆಯಾಗಿ ಪಳಗಿಸಬೇಕಾಯಿತು. ಶಾಪ ವರಗಳ ಲೆಕ್ಕದಲ್ಲಿ ಈ ದುಡಿಮೆಗೆ ಒಂದು ಕಾಸಿನ ಬೆಲೆಯೂ ಕಟ್ಟಿಲ್ಲ.

ನಮ್ಮ ಅಲಂಕಾರಿಕರು ಕಾವ್ಯದ ಹುಟ್ಟಿಗೆ ಶಕ್ತಿ, ನಿಪುಣತೆ, ಅಭ್ಯಾಸಗಳೆಂಬ ಮೂರನ್ನು ಹೇಳಿದ್ದಾರೆ. ಮಮ್ಮಟನು ಈ ಮೂರನ್ನು ಮೂರು ಕಾರಣಗಳೆಂದು ಎಣಿಸದೆ, ಮೂರೂ ಕೂಡಿ ಒಂದೇ ಕಾರಣವಾಗುತ್ತದೆಂಬ ಅರ್ಥ ಬರುವಂತೆ ಏಕವಚನವನ್ನು ಪ್ರಯೋಗಿಸಿದನು. ವ್ಯಾಕರಣದ ಸಣ್ಣ ವಿಷಯವೆಂದು ತೋರಿದರೂ ಈ ಏಕವಚನದಲ್ಲಿ ಬಹಳ ವಿವೇಕವಿದೆ. ಶಕ್ತಿಯೊಂದನ್ನೇ ಹಿಡಿದರೆ ದೈವವಾದ. ಅಭ್ಯಾಸವೊಂದನ್ನೇ ಹಿಡಿದರೆ, ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸಿದರೆ ಯಾವ ಹುಡುಗನಾದರೂ ಭಾರತದ ತಂಡವನ್ನು ಸೇರುತ್ತಾನೆಂಬ ತಂದೆತಾಯಿಗಳ ಭ್ರಮೆ. ಚಂದ್ರಶೇಖರರ ವಿಷಯದಲ್ಲಿ ನಮ್ಮವರು ಇನ್ನೂ ವಿಚಿತ್ರವಾದ ಕೆಲಸವನ್ನು ಮಾಡಿದ್ದಾರೆ. ಮೂರನ್ನೂ ಬಿಟ್ಟು ಮೂರರಲ್ಲಿಯೂ ಸೇರದ ಒಂದು ನಾಲ್ಕನೆಯದನ್ನು, ರೋಗವನ್ನು, ಕಾರಣದ ಪೀಠದಲ್ಲಿ ಕುಳ್ಳಿರಿಸಿದ್ದಾರೆ.

ಕೈಗೆ ಇದರಲ್ಲಿ ಪಾತ್ರವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆ ತೆಳ್ಳನೆಯ ತೋಳು ಚಾಟಿಯಂತೆ ಬಳುಕಿ ಬರುತ್ತಿತ್ತೆಂದು ಕಂಡವರು ಬರೆದಿದ್ದಾರೆ. ಆ ಬಳುಕಿನಿಂದ ಚೆಂಡಿಗೆ ವೇಗವೂ ನೆಗೆತವೂ ಒದಗಿದವೆಂಬುದನ್ನು ಅಲ್ಲಗಳೆಯುವುದಕ್ಕೆ ಕಾರಣವಿಲ್ಲ. ಪ್ರತಿಯೊಬ್ಬ ಬೌಲರನೂ ತನ್ನ ದೇಹದ ಮೂಲಕವೇ ಬೌಲ್ ಮಾಡಬೇಕು. ಕಂದಪದ್ಯವನ್ನು ಬರೆಯಹೊರಟವನಿಗೆ ಮಾತ್ರೆಗಳ ಕಟ್ಟುಪಾಡುಂಟು; ಆ ಕಟ್ಟುಪಾಡಿನಿಂದಲೇ ಪದ್ಯಕ್ಕೆ ಅದರ ನಡಿಗೆ ಬರುತ್ತದೆ. ಆದರೆ ಕಂದದ ಮಾತ್ರೆಗಳೇ ಪಂಪನ ಪದ್ಯಗಳನ್ನು ಬರೆದುವೆಂದು ಯಾವ ವಿಮರ್ಶಕನೂ ಹೇಳಲಿಲ್ಲ. ಚಂದ್ರಶೇಖರರ ಬೌಲಿಂಗಿನ ಆಕೃತಿಗೆ ಕೈಯು ಕಾರಣವಾಗಿರಬಹುದು. ಅದರ ಬೆಲೆಗೆ ಕಾರಣರಾದವರು ಅವರೇ.

ಈ ವಾಕ್ಯಕ್ಕೆ ತಮ್ಮನಂತೆ ಇನ್ನೊಂದು ಮಾತು ಹುಟ್ಟಿಕೊಂಡಿದೆ. ಯಾವ ಚೆಂಡು ಯಾವ ಕಡೆಗೆ ತಿರುಗುತ್ತದೆಂದು ಅವರಿಗೇ ತಿಳಿಯುತ್ತಿರಲಿಲ್ಲ, ಹಾಗಿದ್ದ ಮೇಲೆ ದಾಂಡಿಗನಿಗೆ ತಿಳಿಯುವುದು ಹೇಗೆ ಎಂಬುದು. ವಿನೋದಕ್ಕಾಗಿ ಆಡಿದ ಮಾತು ಇತಿಹಾಸವಾಗುವುದು ಹೀಗೆಯೇ. ಬೌಲರನಿಗೇ ತಿಳಿಯದ ಚೆಂಡು ವಿಕೆಟ್ಟುಗಳ ಮೇಲೆ ಬೀಳುವಷ್ಟೇ ಸಲ ಪಕ್ಕಕ್ಕೂ ಬೀಳಬೇಕು. ಒಂದೋ ಎರಡೋ ಪಂದ್ಯದಲ್ಲಿ ಅದೃಷ್ಟವು ಕೈಹಿಡಿದೀತು, ೫೮ ಟೆಸ್ಟ್ ಪಂದ್ಯಗಳಲ್ಲಿ ಹಿಡಿಯದು. ಕುಂತಕನು ಕಾವ್ಯದ ಪ್ರಾಣವನ್ನು ವಕ್ರೋಕ್ತಿಯೆಂದು ಕರೆದಾಗ ಬಾಯಿಗೆ ಬಂದಂತೆ ಸೊಟ್ಟಗೆ ಮಾತನಾಡುವುದನ್ನು ಹೊಗಳಲಿಲ್ಲ. ವಕ್ರತೆಯ ಹಿಂದೆ ಕವಿಯ ವ್ಯಾಪಾರವಿರಬೇಕು. ಗೂಗ್ಲಿಯೂ ಅಂತಹುದೇ. ಲೆಗ್‌ಬ್ರೇಕಿನ ಹಾವಭಾವವನ್ನೆಲ್ಲ ತೋರಿಸಿ, ಚೆಂಡನ್ನು ಬಿಡುವ ಕ್ಷಣದಲ್ಲಿ ಮಣಿಕಟ್ಟನ್ನು ಇನ್ನಷ್ಟು ಹೊರಳಿಸಿ, ಅಂಗೈಯ ಹಿಂಬದಿಯಿಂದ ಚೆಂಡು ಹೊರಡುವಂತೆ ಮಾಡಬೇಕು; ಹಾಗೆ ಹೊರಟ ಚೆಂಡು ಬಿದ್ದ ಮೇಲೆ ನಿರೀಕ್ಷೆಗೆ ಎದುರಾದ ದಿಕ್ಕಿಗೆ ತಿರುಗುತ್ತದೆ. ಅವರು ಎಷ್ಟೋ ಕೆಟ್ಟ ಚೆಂಡುಗಳನ್ನೂ ಹಾಕಿದ್ದಾರೆ. ಹತೋಟಿ ತಪ್ಪಿದ ದಿನಗಳಲ್ಲಿ ಓಟಗಳು ಧಾರಾಳವಾಗಿ ಹರಿದಿವೆ. ಅದನ್ನು ದೋಷವೆಂದೇ ಕರೆಯುವುದು ನೇರವಾದ ವಿಮರ್ಶೆ. ದೋಷವನ್ನೂ ರಹಸ್ಯವೆಂದು ಹೊಗಳಿದರೆ ಗುಣಕ್ಕೆ ಬೆಲೆಯಿಲ್ಲದೆ ಹೋಗುತ್ತದೆ.

ಈ ಬಗೆಯ ಪುರಾಣವು ನಮ್ಮ ದೇಶದಲ್ಲಿ ಮಾತ್ರ ಹುಟ್ಟುವುದೆಂದು ಭಾವಿಸಬೇಕಾಗಿಲ್ಲ. ಅಮೆರಿಕದವರಿಗೆ ಬೇಸ್‌ಬಾಲ್ ಎಂಬ ಆಟವುಂಟು. ಅದರಲ್ಲಿ ಚೆಂಡನ್ನೆಸೆಯುವವನನ್ನು ಪಿಚರ್ ಎನ್ನುತ್ತಾರೆ. ಚೆಂಡು ನೆಲವನ್ನು ಮುಟ್ಟದೆ ಗಾಳಿಯಲ್ಲಿಯೇ ಬಾಗಿ ದಾಂಡಿಗನನ್ನು ವಂಚಿಸಬೇಕು. ಇಂಡಿಯಾನಾ ಪ್ರಾಂತದಲ್ಲಿ ೧೮೭೬ರಲ್ಲಿ ಹುಟ್ಟಿದ ಮೊರ್ಡೆಕಾಯ್ ಬ್ರೌನ್ ಎಂಬಾತನು ಬಾಲ್ಯದಲ್ಲಿ ಹೊಲಮನೆಯ ಮೇವು ಕತ್ತರಿಸುವ ಯಂತ್ರಕ್ಕೆ ಬಲಗೈಯನ್ನು ಕೊಟ್ಟು ತೋರುಬೆರಳಿನ ಬಹುಭಾಗವನ್ನು ಕಳೆದುಕೊಂಡನು. ಉಳಿದ ಬೆರಳುಗಳೂ ಸೊಟ್ಟಗಾದುವು. ಕಲ್ಲಿದ್ದಲಿನ ಗಣಿಯಲ್ಲಿ ದುಡಿಯುತ್ತ, ಗಣಿಯೂರುಗಳ ತಂಡಗಳಲ್ಲಿ ಆಡುತ್ತ ಬಂದ ಆತನು ಸೈಂಟ್ ಲೂಯಿಯ ತಂಡದ ಮೂಲಕ ದೊಡ್ಡ ಪಂಕ್ತಿಯನ್ನು ಸೇರಿದುದು ೧೯೦೩ರಲ್ಲಿ. ಆಗ ವಯಸ್ಸು ಇಪ್ಪತ್ತಾರು. ಮುಂದೆ ಶಿಕಾಗೋ ತಂಡಕ್ಕೆ ಹೋಗಿ, ತನ್ನ ವೃತ್ತಿಜೀವನದಲ್ಲಿ ೨೩೯ ಪಂದ್ಯಗಳ ಗೆಲುವಿಗೆ ಕಾರಣನಾದನು. ಜನರು ಆತನಿಗೆ ಮೂರು ಬೆರಳಿನ ಬ್ರೌನ್ ಎಂದು ಹೆಸರಿಟ್ಟರು. ಚೆಂಡು ಬಾಗುವುದು ಆ ಮೊಂಡುಬೆರಳಿನಿಂದಲೇ ಎಂದು ನಂಬಿದರು. ಮೊಂಡುಬೆರಳು ಚೆಂಡನ್ನು ಬಾಗಿಸಿದುದು ನಿಜವಿರಬಹುದು. ಬಾಲ್ಯದಿಂದ ಇಪ್ಪತ್ತಾರರವರೆಗಿನ ವರ್ಷಗಳನ್ನು, ಗಣಿಯ ಮಸಿಯನ್ನು, ಆ ಹೆಸರು ಒಂದೇ ಏಟಿಗೆ ಒರಸಿಹಾಕಿತು. ಚಂದ್ರಶೇಖರರ ಕಾಲದಲ್ಲಿ ನಮ್ಮಲ್ಲಿ ಆಟವು ಅನ್ನಕೊಡುವ ವೃತ್ತಿಯಾಗಿರಲಿಲ್ಲವೆಂಬುದು ಈ ಇಬ್ಬರಿಗೂ ಇರುವ ಒಂದು ದೊಡ್ಡ ಭೇದ. ಕಥೆಗಾರರ ಕೈಯಲ್ಲಿ ಇಬ್ಬರ ಗತಿಯೂ ಒಂದೇ ಆಯಿತು.

ಪುಸ್ತಕಗಳ ಹೆಸರುಗಳನ್ನು ನೋಡಿದರೂ ಈ ಒಲವು ಕಾಣುತ್ತದೆ. ರಾಜನ್ ಬಾಲಾ ಎಂಬ ಪತ್ರಿಕೋದ್ಯಮಿಗಳು ಬರೆದು ೧೯೯೩ರಲ್ಲಿ ಹೊರಬಂದ ಚಂದ್ರಶೇಖರರ ಚರಿತ್ರೆಗೆ ‘ದಿ ವಿನ್ನಿಂಗ್ ಹ್ಯಾಂಡ್’ ಎಂದು ಹೆಸರು. ಗೆಲ್ಲುವ ಕೈ ಎಂದು ಅದರರ್ಥ. ಇಸ್ಪೀಟಿನ ಆಟದ ಶ್ಲೇಷವೂ ಅದರಲ್ಲಿ ಅಡಗಿದೆ. ಅವರ ಸಹಚರರಾದ ಎರಪಳ್ಳಿ ಪ್ರಸನ್ನರು ೧೯೭೭ರಲ್ಲಿ ಪ್ರಕಟಿಸಿದ ಆತ್ಮಕಥೆಗೆ ‘ಒನ್ ಮೋರ್ ಓವರ್’ ಎಂದು ಹೆಸರು. ಅಂದರೆ ಇನ್ನೊಂದು ಓವರು. ಮೊದಲನೆಯದು ಅಂಗವನ್ನೂ ಅದೃಷ್ಟವನ್ನೂ ಕುರಿತ ಹೆಸರು, ಎರಡನೆಯದು ಕೆಲಸವನ್ನು ಕುರಿತದ್ದು. ಹೆಸರಿನಿಂದಲೇ ಗ್ರಂಥವನ್ನು ಅಳೆಯುವುದು ಅನ್ಯಾಯ. ಆದರೂ ಚಂದ್ರಶೇಖರರಿಗೆ ಎರಡನೆಯ ಹೆಸರೇ ಹೆಚ್ಚು ಒಪ್ಪುತ್ತಿತ್ತೆಂದು ನನ್ನ ಮನಸ್ಸಿಗೆ ಅನಿಸದೆ ಇಲ್ಲ.

ಪ್ರಸನ್ನರ ಪೂರ್ವಕಥೆಯೂ ವಕ್ರವಾಗಿಯೇ ನಮ್ಮ ಮನೆಗಳನ್ನು ಮುಟ್ಟಿದೆ. ೧೯೬೨ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ಮೇಲೆ ಮೊದಲ ಟೆಸ್ಟ್ ಆಡಿ, ಅದೇ ವರ್ಷ ವೆಸ್ಟ್ ಇಂಡೀಸಿಗೂ ಹೋಗಿಬಂದ ಅವರು, ಎಂಜಿನಿಯರಿಂಗ್ ಓದನ್ನು ಪೂರೈಸುವುದಕ್ಕಾಗಿ ದೊಡ್ಡ ಕ್ರಿಕೆಟಿನಿಂದ ಹಿಂದೆ ಸರಿದರು. ಮತ್ತೆ ಟೆಸ್ಟ್ ಆಡಿದುದು ೧೯೬೭ರ ಜನವರಿಯಲ್ಲಿ, ಅದೇ ಮದರಾಸಿನಲ್ಲಿ. ವಿದ್ಯಾವಂತ ಕುಟುಂಬಗಳಿಗೆ ಈ ಕಥೆ ಅತಿ ಪ್ರಿಯ. ಓದು ಮೊದಲು, ಆಟ ಆಮೇಲೆ ಎಂದು ಮಗನಿಗೆ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯೆಲ್ಲಿ? ಅವರು ಹಿಂದಿರುಗಿ ಬಂದು ಒಟ್ಟು ಇಪ್ಪತ್ತು ಟೆಸ್ಟ್‌ಗಳೊಳಗೆ ನೂರು ವಿಕೆಟ್ಟುಗಳನ್ನು ಮುಟ್ಟಿದುದರಿಂದ ಕಥೆಗೆ ಸುಖಾಂತವೂ ದೊರೆಯಿತು. ಇಪ್ಪತ್ತೊಂದರಿಂದ ಇಪ್ಪತ್ತಾರರವರೆಗಿನ ಐದು ವರ್ಷ ಟೆಸ್ಟ್ ಪಂದ್ಯವೇ ಇಲ್ಲದೆ ಹೋದುದಕ್ಕೆ ತೆತ್ತ ಬೆಲೆಯೆಷ್ಟೆಂದು ಮಾತ್ರ ಯಾರೂ ಕೇಳುವುದಿಲ್ಲ. ಒಬ್ಬರ ಕಥೆಯಲ್ಲಿ ರೋಗವನ್ನು ವರವೆಂದೆವು, ಇನ್ನೊಬ್ಬರ ಕಥೆಯಲ್ಲಿ ನಷ್ಟವನ್ನು ನೀತಿಪಾಠವೆಂದೆವು.

ಚಂದ್ರಶೇಖರರಿಗೆ ಹಿಂದಿರುಗೋಣ. ದಾರಿಯನ್ನು ಆರಿಸಿಕೊಂಡ ಮೇಲಿನ ವೇಗವು ನಿಜವಾಗಿಯೂ ಆಶ್ಚರ್ಯಕರ. ೧೯೬೩-೬೪ರ ಋತುವಿನಲ್ಲಿ ಮೈಸೂರು ತಂಡದ ಪರವಾಗಿ ರಣಜಿ ಪಂದ್ಯಗಳನ್ನು ಆಡತೊಡಗಿದವರು, ಅದೇ ಋತುವಿನಲ್ಲಿ, ೧೯೬೪ರ ಜನವರಿ ೨೧ರಂದು ಮುಂಬಯಿಯ ಬ್ರೇಬೋರ್ನ್ ಮೈದಾನದಲ್ಲಿ ಆರಂಭವಾದ ಟೆಸ್ಟಿನಲ್ಲಿ ಇಂಗ್ಲೆಂಡಿನ ಎದುರು ನಿಂತರು. ವಯಸ್ಸು ಹದಿನೆಂಟು. ಮೊದಲ ಸರದಿಯಲ್ಲಿ ೬೭ ಓಟಗಳಿಗೆ ನಾಲ್ಕು ವಿಕೆಟ್ಟುಗಳು ದೊರೆತುವು. ಇದನ್ನು ಹೇಳುವಾಗ ಇನ್ನೊಂದನ್ನೂ ಹೇಳುವುದು ಪ್ರಾಮಾಣಿಕತೆ: ಕಾಯಿಲೆಗಳಿಂದಲೂ ಗಾಯಗಳಿಂದಲೂ ಆ ಪಂದ್ಯಕ್ಕೆ ಹನ್ನೊಂದು ಮಂದಿಯನ್ನು ಕೂಡಿಸುವುದೇ ಇಂಗ್ಲೆಂಡಿನವರಿಗೆ ದುಸ್ತರವಾಗಿದ್ದಿತು. ಆ ಸರಣಿಯ ಐದು ಪಂದ್ಯಗಳೂ ಸೋಲುಗೆಲುವಿಲ್ಲದೆ ಮುಗಿದುವು. ಆದುದರಿಂದ ಮೊದಲ ಪಂದ್ಯವನ್ನೇ ಉದಯಸೂರ್ಯನಿಗೆ ಹೋಲಿಸುವ ಅಗತ್ಯವಿಲ್ಲ.

ಪರೀಕ್ಷೆಯೆನ್ನಬಹುದಾದುದು ಅನಂತರ ಬಂದಿತು. ೧೯೬೪ರ ಅಕ್ಟೋಬರಿನಲ್ಲಿ ಅದೇ ಮೈದಾನದಲ್ಲಿ ಆಸ್ಟ್ರೇಲಿಯದ ಮೇಲೆ ಭಾರತವು ಎರಡು ವಿಕೆಟ್ಟುಗಳಿಂದ ಗೆದ್ದಾಗ ಅವರ ಪಾಲಿಗೆ ಎಂಟು ವಿಕೆಟ್ಟುಗಳು ಬಂದುವು. ೧೯೬೬ರ ಡಿಸೆಂಬರಿನಲ್ಲಿ ವೆಸ್ಟ್ ಇಂಡೀಸಿನವರು ಬಂದರು. ಸೋಬರ್ಸರ ನಾಯಕತ್ವ, ಎದುರಿಗೆ ಯಾರನ್ನೂ ಲೆಕ್ಕಿಸದ ದಾಂಡಿಗರು. ಮತ್ತೆ ಬ್ರೇಬೋರ್ನಿನಲ್ಲಿಯೇ ಮೊದಲ ಸರದಿಯಲ್ಲಿ ೧೫೭ ಓಟಗಳಿಗೆ ಏಳು ವಿಕೆಟ್ಟು. ಎರಡನೆಯದರಲ್ಲಿ ಬಿದ್ದ ನಾಲ್ಕೂ ಇವರದೇ, ೭೮ ಓಟಗಳಿಗೆ. ಪಂದ್ಯವನ್ನು ಭಾರತವು ಆರು ವಿಕೆಟ್ಟುಗಳಿಂದ ಸೋತಿತು. ಕಥೆಗಾರರಿಗೆ ಸೋತ ಪಂದ್ಯದಲ್ಲಿ ರುಚಿಯಿಲ್ಲ. ನನ್ನ ಮಟ್ಟಿಗೆ ಈ ಇಪ್ಪತ್ತೊಂದರ ತರುಣನ ಪೂರ್ವಜೀವನದ ಶಿಖರವು ಇಲ್ಲಿಯೇ ಇದೆ. ಬಿದ್ದ ಹದಿನಾಲ್ಕು ವಿಕೆಟ್ಟುಗಳಲ್ಲಿ ಹನ್ನೊಂದನ್ನು ಒಬ್ಬನೇ ಕಿತ್ತು, ೨೩೫ ಓಟಗಳನ್ನು ತೆತ್ತು, ಸೋಲುವುದು ಖಂಡಿತವೆಂದು ಕಂಡ ಮೇಲೆಯೂ ಬೌಲ್ ಮಾಡುತ್ತಲೇ ಹೋದುದರಲ್ಲಿ ವರವೆಂಬುದು ಎಲ್ಲಿಯೂ ಕಾಣುವುದಿಲ್ಲ. ದಣಿಯಬಹುದಾದ ಒಂದು ಕೈ ಕಾಣುತ್ತದೆ.

ಆ ಕೈ ದಣಿಯಿತು ಕೂಡ. ೧೯೬೭ರ ಇಂಗ್ಲೆಂಡಿನ ಪ್ರವಾಸದಲ್ಲಿ ಬೇಡಿ, ಪ್ರಸನ್ನ, ವೆಂಕಟರಾಘವನ್, ಚಂದ್ರಶೇಖರ್ ನಾಲ್ವರೂ ಬರ್ಮಿಂಗ್‌ಹ್ಯಾಮಿನ ಟೆಸ್ಟಿನಲ್ಲಿ ಒಟ್ಟಿಗೆ ಆಡಿದರು. ನಾಲ್ವರೂ ಕೂಡಿ ಆಡಿದ ಟೆಸ್ಟ್ ಅದೊಂದೇ. ಆ ವರ್ಷದ ಕೊನೆಗೆ ಆಸ್ಟ್ರೇಲಿಯಕ್ಕೆ ಹೋದ ಚಂದ್ರಶೇಖರರು ಗಾಯಗೊಂಡು ನಡುವೆಯೇ ಊರಿಗೆ ಹಿಂದಿರುಗಬೇಕಾಯಿತು. ಮೇಲೆ ಒಂದು ಸ್ಕೂಟರಿನ ಅಪಘಾತ. ೧೯೭೧ರವರೆಗೆ ಅವರಿಗೆ ಟೆಸ್ಟ್ ಪಂದ್ಯವಿಲ್ಲ. ಇಪ್ಪತ್ತೆರಡರಿಂದ ಇಪ್ಪತ್ತಾರರವರೆಗಿನ ಈ ಮೂರೂವರೆ ವರ್ಷಗಳನ್ನು ಕುರಿತು ನಮ್ಮ ಕಿರುಚರಿತ್ರೆಗಳು ಸಾಮಾನ್ಯವಾಗಿ ಒಂದು ಸಾಲನ್ನೂ ಕೊಡುವುದಿಲ್ಲ. ೧೯೬೪ರಿಂದ ನೆಗೆದು ೧೯೭೧ರ ಓವಲ್ ಮೈದಾನಕ್ಕೆ ಬಂದು ನಿಲ್ಲುತ್ತವೆ. ಅಲ್ಲಿ ಆಗಸ್ಟ್ ೨೩ರಂದು ೩೮ ಓಟಗಳಿಗೆ ಆರು ವಿಕೆಟ್ಟುಗಳನ್ನು ತೆಗೆದು ಇಂಗ್ಲೆಂಡನ್ನು ೧೦೧ಕ್ಕೆ ಮುಗಿಸಿದುದೂ, ಮರುದಿನ ಭಾರತವು ಆ ನೆಲದಲ್ಲಿ ಮೊದಲ ಟೆಸ್ಟ್ ಗೆಲುವನ್ನು ಪಡೆದುದೂ ಎಲ್ಲರಿಗೂ ಬಾಯಿಪಾಠ. ನಡುವಿನ ಮೌನಕ್ಕೆ ಕಾರಣವು ಸ್ಪಷ್ಟ. ಕೊಟ್ಟ ವರವು ಮೂರೂವರೆ ವರ್ಷ ರಜಾ ತೆಗೆದುಕೊಂಡಿತೆಂದು ಹೇಗೆ ಬರೆಯುವುದು?

ಇದೆಲ್ಲ ಹಳೆಯ ಮಾತೆನ್ನುವಂತಿಲ್ಲ. ನಮ್ಮ ಜಿಲ್ಲೆಯ ದೇವನಹಳ್ಳಿಯ ಸೀಮೆಯಲ್ಲಿ, ವಿಮಾನ ನಿಲ್ದಾಣಕ್ಕೆ ಸಮೀಪದಲ್ಲಿ, ಭಾರತದ ಕ್ರಿಕೆಟ್ ಮಂಡಲಿಯ ಹೊಸ ಶಿಕ್ಷಣಕೇಂದ್ರವು ೨೦೨೪ರ ಸೆಪ್ಟೆಂಬರಿನಲ್ಲಿ ಪ್ರಾರಂಭವಾಯಿತು. ಸುಮಾರು ನಲವತ್ತು ಎಕರೆ ನೆಲ, ಮೂರು ಮೈದಾನಗಳು, ಬೌಲರನ ತೋಳಿನ ಕೋನವನ್ನೂ ಹೆಜ್ಜೆಯ ಭಾರವನ್ನೂ ಅಳೆಯುವ ಯಂತ್ರಸಾಮಗ್ರಿ. ನೆಲಮಂಗಲದ ಹೆದ್ದಾರಿಗೆ ಹತ್ತಿರದ ಆಲೂರಿನಲ್ಲಿ ರಾಜ್ಯದ ಕ್ರಿಕೆಟ್ ಸಂಸ್ಥೆಯ ಮೈದಾನಗಳಿವೆ. ಚಕ್ಕೋತದ ತೋಟಗಳಿಗೆ ಹೆಸರಾಗಿದ್ದ ಸೀಮೆಯಲ್ಲಿ ಈಗ ಏಳೆಂಟು ವರ್ಷದ ಹುಡುಗರು ತಮ್ಮಷ್ಟೇ ಎತ್ತರದ ಚೀಲವನ್ನು ಹೊತ್ತು ಬಸ್ಸಿಗೆ ಕಾಯುವುದನ್ನು ಕಾಣುತ್ತೇವೆ. ಇದರಲ್ಲಿ ನನಗೆ ಅಸಮಾಧಾನವಿಲ್ಲ. ಅಂಗವಿಜ್ಞಾನವನ್ನು ಬಲ್ಲ ವೈದ್ಯರು ೧೯೬೭ರಲ್ಲಿ ಹತ್ತಿರವಿದ್ದಿದ್ದರೆ ಆ ಮೂರೂವರೆ ವರ್ಷಗಳಲ್ಲಿ ಒಂದೆರಡಾದರೂ ಉಳಿಯುತ್ತಿದ್ದುವೇನೋ.

ನನ್ನ ಸಂಶಯವು ಬೇರೆಯದು. ಒಂದು ತೋಳು ಸಣ್ಣಗಿರುವ, ಚೆಂಡನ್ನು ಒಂದು ಕೈಯಿಂದ ಎಸೆದು ಇನ್ನೊಂದರಿಂದ ಬೌಲ್ ಮಾಡುವ ಹತ್ತು ವರ್ಷದ ಬಾಲಕನೊಬ್ಬನು ಇಂದು ನಮ್ಮ ಯಾವುದಾದರೂ ತಾಲ್ಲೂಕಿನ ಶಿಬಿರದ ಬಾಗಿಲಿಗೆ ಬಂದನೆನ್ನೋಣ. ಚಂದ್ರಶೇಖರರ ಕಥೆಯನ್ನು ಶಾಪ ವರಗಳ ಭಾಷೆಯಲ್ಲಿ ಕಲಿತ ಶಿಕ್ಷಕನು ಆತನನ್ನು ಕಂಡು ಮನಸ್ಸು ಕರಗಿ, ಪವಾಡವು ಎರಡು ಸಲ ನಡೆಯುವುದಿಲ್ಲವೆಂದು ನಿಶ್ಚಯಿಸಿ, ಬೆನ್ನು ತಟ್ಟಿ ಮನೆಗೆ ಕಳುಹಿಸುತ್ತಾನೆ. ಅದೇ ಕಥೆಯನ್ನು ರಬ್ಬರು ಚೆಂಡಿನ ಕಥೆಯಾಗಿ, ಹಲವು ಬಗೆಗಳನ್ನು ಪ್ರಯತ್ನಿಸಿ ನೋಡುವುದಕ್ಕೆ ಅವಕಾಶವಿತ್ತ ಒಂದು ಕ್ಲಬ್ಬಿನ ಕಥೆಯಾಗಿ ಕಲಿತವನು, ಮೊದಲು ಆತನ ಕೈಗೆ ಹಗುರವಾದ ಚೆಂಡೊಂದನ್ನು ಕೊಟ್ಟು ನೋಡುತ್ತಾನೆ. ಅನಿಲ್ ಕುಂಬ್ಳೆಯವರು ಸಹ ಮೊದಲು ವೇಗದ ಬೌಲಿಂಗಿನಿಂದಲೇ ಹೊರಟು ಆಮೇಲೆ ಲೆಗ್‌ಸ್ಪಿನ್ನಿಗೆ ಬಂದವರು. ಚೆಂಡನ್ನು ಸಾಕಷ್ಟು ತಿರುಗಿಸುವುದಿಲ್ಲವೆಂಬ ಆಕ್ಷೇಪಣ ೬೧೯ ವಿಕೆಟ್ಟುಗಳವರೆಗೂ ಅವರ ಬೆನ್ನು ಬಿಡಲಿಲ್ಲ. ಬೆಂಗಳೂರಿನ ಕ್ಲಬ್ಬುಗಳಲ್ಲಿ ಹುಡುಗನನ್ನು ಒಂದೇ ಅಚ್ಚಿಗೆ ಎರೆಯದೆ ಬಿಟ್ಟು ನೋಡುವ ಒಂದು ವಾಡಿಕೆ ಇದ್ದಿತೆಂದು ಈ ಎರಡು ಬಾಳುಗಳನ್ನು ಜೊತೆಗಿಟ್ಟಾಗ ನನಗೆ ತೋರುತ್ತದೆ. ಆ ವಾಡಿಕೆಯ ಚರಿತ್ರೆಯೇ ಬರೆಯತಕ್ಕ ಚರಿತ್ರೆ.

ಅದನ್ನು ಬರೆಯುವವರು ೧೯೫೫ರಿಂದ ೧೯೬೩ರವರೆಗಿನ ಎಂಟು ವರ್ಷಗಳಿಂದ ಪ್ರಾರಂಭಿಸಬೇಕೆಂದು ನನ್ನ ಬಿನ್ನಹ. ಆ ಬೀದಿಗಳಲ್ಲಿ ಆಡಿದವರೂ, ಆ ಕ್ಲಬ್ಬುಗಳ ಬಲೆಯಲ್ಲಿ ಆತನ ಚೆಂಡುಗಳನ್ನು ಎದುರಿಸಿದವರೂ ಇಂದು ಎಂಬತ್ತರ ಆಚೀಚೆಯವರು. ವಿಕೆಟ್ಟುಗಳ ಹಿಂದೆ ನಿಂತು ಆ ಚೆಂಡನ್ನು ಹಿಡಿಯಲು ಕಲಿತವರು ಯಾರು, ಓಟಗಳು ಹರಿದ ಸಂಜೆಗಳಲ್ಲಿ ಚೆಂಡನ್ನು ಮತ್ತೆ ಆತನ ಕೈಗೇ ಕೊಟ್ಟ ನಾಯಕನು ಯಾರು, ತೊಗಲಿನ ಚೆಂಡಿಗೆ ಹಣವು ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆಗಳಿಗೆ ಅವರಲ್ಲಿ ಉತ್ತರವಿದ್ದೀತು. ನಮ್ಮ ಸಂಘದ ಸದಸ್ಯರಲ್ಲಿ ಅಂತಹ ಹಿರಿಯರ ಪರಿಚಯವುಳ್ಳವರು ಇದ್ದರೆ ಒಂದು ಟಿಪ್ಪಣಿಯ ಪುಸ್ತಕದೊಡನೆ ಅವರ ಮನೆಗೆ ಹೋಗಿಬರಲಿ.